ಸೈನಿಕನ ಸಂಬಳ ಮತ್ತು ನಿಯ್ಯತ್



ಒಂದು ಶುಕ್ರವಾರ ಜುಮಾ ಮುಗಿದ ಬಳಿಕ ನಮ್ಮ ಜಮಾಅತಿನ ಯುವಕನೊಬ್ಬ ನನಗಾಗಿ ಕಾದು ನಿಂತಿದ್ದ. ಸೇನೆಗೆ ಸೇರಬೇಕೆಂದು ಆರು ತಿಂಗಳಿಂದ ಫಜ್ರ್ ನಮಾಝ್ ಮುಗಿಸಿ ಓಟದ ಅಭ್ಯಾಸ ಮಾಡುತ್ತಿರುವ ಹುಡುಗ. "ಉಸ್ತಾದ್, ನಾಡನ್ನು ಕಾಯುವುದು ಒಳ್ಳೆಯ ಕೆಲಸ ಎನ್ನುತ್ತೀರಿ. ಆದರೆ ಮನೆಗೆ ಸಂಬಳ ಬರಲಿ ಎಂಬ ಆಸೆಯೂ ನನಗಿದೆ. ಸಂಬಳಕ್ಕೆ ಬಂದೂಕು ಹಿಡಿಯುವವನು ಬರೀ ಕೂಲಿಯಾಳು ಅಂತ ಅಜ್ಜ ಹೇಳುತ್ತಾರೆ. ಹಾಗಾದರೆ ಅಲ್ಲಾಹನ ಬಳಿ ನನಗೆ ಪ್ರತಿಫಲ ಇಲ್ಲವೇ?" ಎಂದು ಕೇಳಿದ. ಮುಂದಿನ ಜುಮಾದ ಖುತ್ಬಾದಲ್ಲಿ ಇದನ್ನೇ ವಿವರಿಸಿದೆ. ಅದರ ಸಾರಾಂಶ ಇಲ್ಲಿದೆ.

ಅಜ್ಜನ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪ್ರವಾದಿವರ್ಯರ(ಸ) ಕಾಲದಲ್ಲಿ ಸಂಬಳದ ಸೇನೆ ಇರಲಿಲ್ಲ. ಹಿಜರಿ 2ರಲ್ಲಿ ಬದ್ರ್‌ಗೆ ಹೊರಟ ಮುನ್ನೂರಕ್ಕೂ ಸ್ವಲ್ಪ ಹೆಚ್ಚು ಮಂದಿಯ ಬಳಿ ಇದ್ದದ್ದು ಸುಮಾರು 70 ಒಂಟೆಗಳು. ಒಂದೊಂದು ಒಂಟೆಯನ್ನು ಹಲವರು ಸರದಿಯಂತೆ ಏರಿದರು. ಪ್ರವಾದಿವರ್ಯರೂ(ಸ) ತಮ್ಮ ಸರದಿ ಮುಗಿದಾಗ ಇಳಿದು ನಡೆದರು. ಯುದ್ಧದಲ್ಲಿ ದೊರೆತ ಸೊತ್ತಿನ ಐದನೇ ನಾಲ್ಕು ಭಾಗ ಪಾಲ್ಗೊಂಡವರಿಗೆ ಸಲ್ಲುತ್ತಿತ್ತು ನಿಜ. ಆದರೆ ಅದು ಸಂಬಳವಲ್ಲ, ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿಯೂ ಇರಲಿಲ್ಲ.

ಹಾಗೆಂದು ಸಂಬಳವಿಲ್ಲದ ಸೇನೆಗೆ ಖರ್ಚೇ ಇಲ್ಲ ಎಂದು ತಿಳಿಯಬಾರದು. ಹಿಜರಿ 9ರ ತಬೂಕ್ ಯಾತ್ರೆಯನ್ನು ನೆನಪಿಸಿಕೊಳ್ಳಿ. ದೂರದ ದಾರಿ, ಸುಡುವ ಬಿಸಿಲು. ಹಝ್ರತ್ ಅಬೂಬಕ್ಕರ್(ರ) ತಮ್ಮಲ್ಲಿದ್ದುದನ್ನೆಲ್ಲ ತಂದರು, ಹಝ್ರತ್ ಉಮರ್(ರ) ಅರ್ಧವನ್ನು ತಂದರು, ಹಝ್ರತ್ ಉಸ್ಮಾನ್(ರ) ಸಾವಿರ ದೀನಾರ್ ತಂದು ಸುರಿದರು ಎಂದು ವರದಿಗಳಿವೆ. ಆದರೂ ಕೆಲವು ಬಡ ಸಹಾಬಿಗಳಿಗೆ ವಾಹನ ಸಿಗಲಿಲ್ಲ. ಅವರು ಕಣ್ಣೀರಿಡುತ್ತಾ ಮರಳಿದ್ದನ್ನು ಸೂರಃ ತೌಬಾ ತಿಳಿಸುತ್ತದೆ, ಅಂಥವರ ಮೇಲೆ ಯಾವ ತಪ್ಪೂ ಇಲ್ಲ ಎಂದೂ ಹೇಳುತ್ತದೆ. ಅವರಲ್ಲಿ ಈಮಾನ್ ಕಡಿಮೆ ಇರಲಿಲ್ಲ, ಕೈಯಲ್ಲಿ ಕಾಸಿರಲಿಲ್ಲ. ಸೇವೆಗೆ ಸಂಬಳವಿಲ್ಲದಾಗ ಖರ್ಚನ್ನು ಯಾರಾದರೂ ಹೊರಲೇಬೇಕು. ಉಳ್ಳವರು ಹೊರದಿದ್ದರೆ ಅದು ಬಡವನ ಹೆಂಡತಿ ಮಕ್ಕಳ ಮೇಲೆ ಬೀಳುತ್ತದೆ.

ಹಝ್ರತ್ ಉಮರ್(ರ) ಖಲೀಫರಾದಾಗ ಪರಿಸ್ಥಿತಿ ಬದಲಾಗಿತ್ತು. ಸೈನಿಕರು ಇರಾಕ್, ಶಾಮ್, ಈಜಿಪ್ಟ್‌ಗಳಲ್ಲಿ ವರ್ಷಗಟ್ಟಲೆ ಉಳಿಯಬೇಕಿತ್ತು. ಹೊಲವನ್ನೂ ವ್ಯಾಪಾರವನ್ನೂ ನೋಡಿಕೊಳ್ಳುವುದು ಅವರಿಗೆ ಸಾಧ್ಯವಿರಲಿಲ್ಲ. ಆಗ ಅವರು 'ದೀವಾನ್' ಎಂಬ ದಾಖಲೆ ಪುಸ್ತಕ ಮಾಡಿಸಿ, ಹೆಸರು ಬರೆಸಿ, ಬೈತುಲ್ ಮಾಲ್‌ನಿಂದ ವಾರ್ಷಿಕ ಭತ್ಯೆ ನಿಗದಿಪಡಿಸಿದರು. ಬದ್ರ್‌ನಲ್ಲಿ ಪಾಲ್ಗೊಂಡಿದ್ದವರಿಗೆ 5,000 ದಿರ್ಹಮ್ ಎಂಬುದು ಪ್ರಸಿದ್ಧ ವರದಿ. ಮೊದಲಿಗೆ ಮಕ್ಕಳ ಭತ್ಯೆ ಮೊಲೆಹಾಲು ಬಿಡಿಸಿದ ಮೇಲೆ ಆರಂಭವಾಗುತ್ತಿತ್ತು. ಒಂದು ರಾತ್ರಿ ಮಗುವಿನ ಅಳು ಕೇಳಿ ವಿಚಾರಿಸಿದಾಗ, ಭತ್ಯೆಗಾಗಿ ತಾಯಿ ಬೇಗನೆ ಹಾಲು ಬಿಡಿಸುತ್ತಿದ್ದಾಳೆ ಎಂದು ತಿಳಿಯಿತು. ಖಲೀಫರು ಅತ್ತರು. ಹುಟ್ಟಿದ ದಿನದಿಂದಲೇ ಭತ್ಯೆ ಕೊಡುವಂತೆ ಆದೇಶಿಸಿದರು. ಹೀಗೆ ಭತ್ಯೆಯೆಂಬುದು ಮನೆಮಂದಿಯ ಹಕ್ಕಾಯಿತು.

ಇನ್ನು ನಿಯ್ಯತ್‌ನ ಪ್ರಶ್ನೆ. ಅಬ್ದುಲ್ಲಾ ಇಬ್ನು ಸಅದೀ(ರ) ಎಂಬವರು ಸಾರ್ವಜನಿಕ ಸೇವೆ ಮಾಡಿ ಸಂಬಳ ನಿರಾಕರಿಸುತ್ತಿದ್ದರು. ತಾನು ಅನುಕೂಲಸ್ಥ, ನನ್ನ ದುಡಿಮೆ ಸದಕಾ ಆಗಲಿ ಎಂಬುದು ಅವರ ಆಶಯ. ಹಝ್ರತ್ ಉಮರ್(ರ) ಅವರನ್ನು ತಡೆದರು. ತಾನೂ ಹಿಂದೆ ಹಾಗೆಯೇ ನಿರಾಕರಿಸಿದಾಗ, ಆಸೆಪಡದೆ, ಬೇಡದೆ ಬಂದುದನ್ನು ಸ್ವೀಕರಿಸಬೇಕು, ಬೇಕಾದರೆ ದಾನ ಮಾಡಬಹುದು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ತಿಳಿಸಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ವರದಿಯಿದೆ.

ಮತ್ತೊಂದು ಹದೀಸ್‌ನಲ್ಲಿ, ಸೊತ್ತಿಗಾಗಿ, ಹೆಸರಿಗಾಗಿ, ಜನ ನೋಡಲಿ ಎಂಬುದಕ್ಕಾಗಿ ಹೋರಾಡುವವರ ಕುರಿತು ಪ್ರವಾದಿವರ್ಯರ(ಸ) ಬಳಿ ಪ್ರಶ್ನೆ ಬಂತು. ಮೂರೂ ಸರಿಯಾದ ಉದ್ದೇಶವಲ್ಲ ಎಂಬುದು ಅವರ ಉತ್ತರದ ಸಾರ. ಗಮನಿಸಿ: ಬಿಡಿಗಾಸೂ ಪಡೆಯದವನ ನಿಯ್ಯತ್ ಕೂಡ ಹೊಗಳಿಕೆಯ ಆಸೆಯಿಂದ ಕೆಡಬಹುದು. ಸಂಬಳ ಪಡೆಯುವವನ ನಿಯ್ಯತ್ ಶುದ್ಧವಾಗಿರಬಹುದು. 1965ರಲ್ಲಿ ಖೇಮ್‌ಕರಣ್ ವಲಯದಲ್ಲಿ ಶತ್ರು ಟ್ಯಾಂಕ್‌ಗಳನ್ನು ಎದುರಿಸಿ ಪ್ರಾಣ ಕೊಟ್ಟು, ಪರಮವೀರ ಚಕ್ರಕ್ಕೆ ಪಾತ್ರರಾದ ಹವಾಲ್ದಾರ್ ಅಬ್ದುಲ್ ಹಮೀದ್ ಸಂಬಳ ಪಡೆಯುತ್ತಿದ್ದ ಸೈನಿಕರೇ. ಅವರನ್ನು ಕೂಲಿಯಾಳು ಎನ್ನಲು ಯಾರಿಗೆ ಬಾಯಿ ಬಂದೀತು?

ಆ ಯುವಕನಿಗೆ ನಾನು ಹೇಳಿದ್ದು ಇಷ್ಟು: "ಮಗನೇ, ಸಂಬಳ ತೆಗೆದುಕೋ, ಮನೆಗೆ ಕಳುಹಿಸು. ಮನೆಯವರನ್ನು ಸಾಕುವುದೂ ಪ್ರತಿಫಲ ಸಿಗುವ ಕೆಲಸವೇ. ಆದರೆ ಅನ್ಯಾಯದ ಕೆಲಸವನ್ನು ಯಾವ ಸಂಬಳವೂ ಹಲಾಲ್ ಮಾಡುವುದಿಲ್ಲ ಎಂಬುದನ್ನು ಮರೆಯಬೇಡ." ಹೆತ್ತವರಿಗೂ ಒಂದು ಮಾತು. 2022ರಲ್ಲಿ ಪ್ರಕಟವಾದ ಅಗ್ನಿಪಥ್ ಯೋಜನೆಯ ಪ್ರಕಾರ ಸೇವೆ 4 ವರ್ಷ, ಬಳಿಕ ಶೇ. 25ರವರೆಗೆ ಮಾತ್ರ ಖಾಯಂ. ಉಳಿದವರು ಸೇವಾನಿಧಿಯ ಮೊತ್ತದೊಂದಿಗೆ ಮರಳುತ್ತಾರೆ. ಆ ಹಣ ಮದುವೆಯ ಆಡಂಬರಕ್ಕೆ ಹೋಗದೆ ಹುಡುಗನ ಮುಂದಿನ ಬದುಕಿಗೆ ಉಳಿಯುವಂತೆ ಈಗಲೇ ಯೋಚಿಸಿ.

ಅಜ್ಜ ಮುಂದಿನ ಸಾಲಿನಲ್ಲೇ ಕುಳಿತು ಖುತ್ಬಾ ಕೇಳಿದರು. ಹೊರಡುವಾಗ ಮೊಮ್ಮಗನ ಭುಜದ ಮೇಲೆ ಕೈಯಿಟ್ಟಿದ್ದರು.

ಅಲ್ಲಾಹನು ನಮ್ಮ ದುಡಿಮೆಯನ್ನು ಹಲಾಲ್ ಆಗಿಸಲಿ, ನಿಯ್ಯತ್ತನ್ನು ಶುದ್ಧಗೊಳಿಸಲಿ. ಆಮೀನ್.