ನಾಯಿಮರಿಗೆ ಒಂದೇ ಲಸಿಕೆ ಸಾಲದು

ಮನೆಗೆ ತಂದ ನಾಯಿಮರಿಗೆ ಒಂದು ಲಸಿಕೆ ಹಾಕಿಸಿ ನಿಶ್ಚಿಂತರಾಗುವವರು ಅನೇಕರು. ಮಾರುವವರೂ ಅಷ್ಟಕ್ಕೇ ಭರವಸೆ ಕೊಟ್ಟುಬಿಡುವುದುಂಟು. 1978ರಲ್ಲಿ ಜಗತ್ತಿಗೆ ಗೋಚರಿಸಿದ ಪಾರ್ವೊ ವೈರಾಣುವಿಗೆ ಈ ಮೈಮರೆವೇ ಹೆಬ್ಬಾಗಿಲು. ವಾಂತಿ, ರಕ್ತಭೇದಿಗಳಿಂದ ಬಳಲುವ ಮರಿ ಎರಡು-ಮೂರು ದಿನಗಳಲ್ಲೇ ಅಸುನೀಗಬಹುದು.

ತಾಯಿಯ ಗಿಣ್ಣುಹಾಲಿನಿಂದ ಬಂದ ಪ್ರತಿಕಾಯಗಳು ಮರಿಯನ್ನು ಕೆಲವು ವಾರ ಕಾಯುತ್ತವೆ, ನಿಜ; ಆದರೆ ಲಸಿಕೆಯನ್ನೂ ಅವೇ ನಿಷ್ಫಲಗೊಳಿಸುತ್ತವೆ. ಅವು ಕರಗುವ ಕಾಲ ಮರಿಯಿಂದ ಮರಿಗೆ ಭಿನ್ನ. ಆದ್ದರಿಂದಲೇ 6ರಿಂದ 8 ವಾರದಲ್ಲಿ ಆರಂಭಿಸಿ, 16 ವಾರ ತುಂಬುವವರೆಗೆ ಮೂರು-ನಾಲ್ಕು ವಾರಗಳಿಗೊಮ್ಮೆ ಚುಚ್ಚುಮದ್ದು ಅಗತ್ಯ. ಅಲ್ಲಿಯವರೆಗೆ ಮರಿಯ ಕಾಲಿಗೆ ಬೀದಿಯ ನೆಲ ಸೋಕಬಾರದು. ಹಾಗೆಂದು ಕೋಣೆಯಲ್ಲಿ ಕೂಡಿಹಾಕಿದರೆ ಮುಂದೆ ಅದು ಅಂಜುಬುರುಕ ಅಥವಾ ಕಚ್ಚುವ ನಾಯಿಯಾದೀತು: ಜನರನ್ನೂ ಸದ್ದುಗಳನ್ನೂ ಸಹಜವೆಂದು ಕಲಿಯುವ ವಯಸ್ಸು ಸುಮಾರು 14 ವಾರಕ್ಕೇ ಮುಗಿಯುತ್ತದೆ. ತೋಳಲ್ಲೆತ್ತಿಕೊಂಡು ಪೇಟೆ ತೋರಿಸಿ. ಲಸಿಕೆ ಪೂರೈಸಿದ ನೆರೆಮನೆಯ ನಾಯಿಯೊಡನೆ ಮನೆಯೊಳಗೆ ಆಡಲು ಬಿಡಿ.