ಅಂಗಡಿ ಮೊದಲು, ಐಟಿ ಆಮೇಲೆ

ನಾನು ಬೆಂಗಳೂರಿನಲ್ಲಿ ಕೂತು ಪರದೇಶದ ಅಂಗಡಿಗಳ ಸರಕಿನ ಮಾಹಿತಿ ನೋಡಿಕೊಳ್ಳುವವಳು. ಒಂದು ಟೂತ್‌ಪೇಸ್ಟ್ ಶೆಲ್ಫ್ ಏರಬೇಕಾದರೂ ಕಂಪ್ಯೂಟರಿನಲ್ಲಿ ಅದರ ಜಾತಕ ಬರೆದಿರಬೇಕು: ಉದ್ದ, ಅಗಲ, ಎತ್ತರ, ತೂಕ, ಪೆಟ್ಟಿಗೆಗೆ ಎಷ್ಟು, ಬಾರ್‌ಕೋಡ್, ಬೆಲೆ, ಕರೆನ್ಸಿ, ಸುಂಕದ ಸಂಖ್ಯೆ. ನಮ್ಮ ತಂಡಕ್ಕೆ ಹೊಸಬರು ಬಂದಾಗ ನಾನು ತಪ್ಪದೆ ಹೇಳುವುದು ಟಾರ್ಗೆಟ್ ಕಂಪನಿ ಕೆನಡಾಕ್ಕೆ ಹೋದ ಕತೆ. ಬೆಂಗಳೂರಿನಲ್ಲೂ ದೊಡ್ಡ ಕಚೇರಿ ಇರುವ, ನಮ್ಮ ಐಟಿ ಮಂದಿಗೆ ಚೆನ್ನಾಗಿ ಗೊತ್ತಿರುವ ಅದೇ ಅಮೆರಿಕನ್ ಕಂಪನಿ.

2011ರ ಜನವರಿಯಲ್ಲಿ ಅದು ಕೆನಡಾದ ಝೆಲ್ಲರ್ಸ್ ಮಳಿಗೆಗಳ ಗುತ್ತಿಗೆಯನ್ನು 182.5 ಕೋಟಿ ಕೆನಡಾ ಡಾಲರಿಗೆ ಕೊಂಡಿತು. ಅಷ್ಟು ಹಣ ಸುರಿದ ಮೇಲೆ ಬಾಗಿಲು ಹಾಕಿಕೊಂಡು ಕೂರಲಾದೀತೆ? 2013ರಲ್ಲಿ ತೆರೆಯಲೇಬೇಕು ಎಂದಾಯಿತು. ಗಡುವು ಹುಟ್ಟಿದ್ದು ಕಟ್ಟಡದ ವ್ಯವಹಾರದಿಂದ. ಐಟಿ ಅದರ ಹಿಂದೆ ಏದುಸಿರು ಬಿಡುತ್ತಾ ಓಡಬೇಕಾಯಿತು.

ಅಮೆರಿಕದಲ್ಲಿ ಅವರದು ಸ್ವಂತ ಸಾಫ್ಟ್‌ವೇರ್, ವರ್ಷಗಟ್ಟಲೆ ತಿದ್ದಿ ಪಳಗಿಸಿದ್ದು. ಆದರೆ ಕೆನಡಾ ಡಾಲರ್ ಆಗಲಿ, ಕ್ವಿಬೆಕ್‌ನ ಫ್ರೆಂಚ್ ಆಗಲಿ ಅದಕ್ಕೆ ಒಗ್ಗುತ್ತಿರಲಿಲ್ಲ. ತಿದ್ದುತ್ತಾ ಕೂರಲು ಪುರುಸೊತ್ತಿಲ್ಲವೆಂದು ಜರ್ಮನಿಯ ಸ್ಯಾಪ್ ಸಾಫ್ಟ್‌ವೇರ್ ತಂದರು. ಸ್ಯಾಪ್ ಒಳ್ಳೆಯದೇ, ಆದರೆ ಬರುವಾಗ ಖಾಲಿ ಬರುತ್ತದೆ. ಸುಮಾರು 75 ಸಾವಿರ ಸರಕುಗಳ ವಿವರವನ್ನು ಕೈಯಾರೆ ತುಂಬಬೇಕಿತ್ತು, ಅದೂ ಬಹುಪಾಲು ಅನುಭವವಿಲ್ಲದ ಹುಡುಗ ಹುಡುಗಿಯರು. ಉದ್ದದ ಜಾಗದಲ್ಲಿ ಅಗಲ, ಸೆಂಟಿಮೀಟರ್ ಬದಲು ಇಂಚು. 'ಕೆನೆಡಿಯನ್ ಬಿಸಿನೆಸ್' ಪತ್ರಿಕೆ 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅಮೆರಿಕದಲ್ಲಿ ಶೇ 98ರ ಆಸುಪಾಸು ಇರುತ್ತಿದ್ದ ನಿಖರತೆ ಇಲ್ಲಿ ಶೇ 30ರಷ್ಟು.

ಹೀಗಾಗಿ ಗೋದಾಮು ಕಿಕ್ಕಿರಿದು ತುಂಬಿದರೂ ಅಂಗಡಿಯ ಶೆಲ್ಫುಗಳು ಭಣಭಣ.

ನನಗೆ ಎಲ್ಲಕ್ಕಿಂತ ವಿಚಿತ್ರ ಎನಿಸಿದ್ದು ಅದೇ ವರದಿಯ ಇನ್ನೊಂದು ಸಂಗತಿ. ಸರಕು ಮುಗಿಯುತ್ತಿದ್ದಂತೆ ತಾನಾಗಿಯೇ ತರಿಸಿಕೊಳ್ಳುವ ಸ್ವಿಚ್ ಸಾಫ್ಟ್‌ವೇರಿನಲ್ಲಿ ಇತ್ತು. ಅದನ್ನು ಆಫ್ ಮಾಡಿದರೆ 'ಸರಕು ಖಾಲಿ' ಎಂಬ ಪಟ್ಟಿಯಿಂದಲೂ ಆ ಸರಕು ಮಾಯ. ಮೇಲಿನವರ ಬೈಗುಳ ತಪ್ಪಿಸಿಕೊಳ್ಳಲು ಕೆಲವು ಸಿಬ್ಬಂದಿ ಅದನ್ನೇ ಮಾಡಿದರು. ಕಾಗದದಲ್ಲಿ ಎಲ್ಲ ಸರಿ, ಅಂಗಡಿಯಲ್ಲಿ ಏನೂ ಇಲ್ಲ! ಅವರನ್ನು ಬೈಯಲು ನನಗೆ ಮನಸ್ಸು ಬಾರದು. ಆಗದ ಗುರಿ ಕೊಟ್ಟರೆ ಜನ ಅಂಕಿಯನ್ನೇ ತಿದ್ದುತ್ತಾರೆ.

2015ರ ಜನವರಿಯಲ್ಲಿ ಟಾರ್ಗೆಟ್ ಕೆನಡಾ ಬಿಡುವುದಾಗಿ ಘೋಷಿಸಿತು. 133 ಮಳಿಗೆ, ಸುಮಾರು 17,600 ಮಂದಿಯ ಕೆಲಸ, ಎರಡೂ ಹೋದವು.

ಹಲವು ದೇಶಗಳಲ್ಲಿ ಅಂಗಡಿಯಿಟ್ಟ ಜರ್ಮನಿಯ ಲಿಡ್ಲ್‌ನದು ಇದರ ತಿರುಗುಮುರುಗು. ಅದಕ್ಕೆ ಅವಸರವಿರಲಿಲ್ಲ, ಹಟವಿತ್ತು. ದಾಸ್ತಾನಿನ ಮೌಲ್ಯವನ್ನು ಕೊಂಡ ಬೆಲೆಯಲ್ಲೇ ಲೆಕ್ಕ ಹಾಕುವ ತನ್ನ ರೂಢಿ ಬಿಡದೆ, ಮಾರಾಟ ಬೆಲೆಯ ಮೇಲೆ ನಡೆಯುವ ಸ್ಯಾಪ್ ಅನ್ನೇ ಬಗ್ಗಿಸಲು ಹೊರಟಿತು. ಏಳು ವರ್ಷವಾದ ಮೇಲೆ, 2018ರಲ್ಲಿ, ಯೋಜನೆಯನ್ನೇ ಕೈಬಿಟ್ಟಿತು. ಪತ್ರಿಕೆಗಳು ಅಂದಾಜಿಸಿದ ಖರ್ಚು 50 ಕೋಟಿ ಯೂರೊ.

ಹೊರದೇಶದಲ್ಲಿ ಶಾಖೆ ತೆರೆಯುವ ಯೋಚನೆ ನಿಮಗಿದ್ದರೆ, ಕಟ್ಟಡದ ಕರಾರಿಗೆ ಸಹಿ ಹಾಕುವ ಮುನ್ನ ನಿಮ್ಮ ಐಟಿಯವರನ್ನು ಕೂರಿಸಿಕೊಂಡು ಕೇಳಿ: ನಮ್ಮ ಬಿಲ್ಲು ಆ ದೇಶದ ದುಡ್ಡಿನಲ್ಲಿ, ಅಲ್ಲಿನ ಭಾಷೆಯಲ್ಲಿ ಬರಲು ಎಷ್ಟು ತಿಂಗಳು ಬೇಕು? ಅವರು ಹೇಳಿದ ತಿಂಗಳನ್ನು ಚೌಕಾಸಿ ಮಾಡಬೇಡಿ.