ಹತ್ತಿ ಬಿಡಿಸಿದ ರೂತ್ ಬ್ರೌನ್‌ಗೆ ಸಿಗದೆ ಹೋದ ಹಾಡಿನ ದುಡ್ಡು

ಆದವಾನಿ ಮಾರ್ಕೆಟ್ಟಿಗೆ ಹತ್ತಿ ಹಾಕುವ ರೈತನಿಗೆ ತಕ್‌ಪಟ್ಟಿ ಅಂದರೇನು ಅಂತ ಹೇಳಬೇಕಾಗಿಲ್ಲ. ಮೇಲೆ ತೂಕ, ಧಾರಣೆ. ಕೆಳಗೆ ಹಮಾಲಿ, ಕಮಿಷನ್ನು, ಬೀಜ ಗೊಬ್ಬರಕ್ಕೆ ಮೊದಲೇ ತಂದ ಸಾಲ, ಅದರ ಬಡ್ಡಿ. ಒಂದು ವರ್ಷ ಎಲ್ಲಾ ಕಳೆದು ನಾನೇ ಬಾಕಿದಾರ ಅಂತ ಬಂತು. ಆ ಚೀಟಿ ಇನ್ನೂ ಟ್ರಂಕಿನಲ್ಲಿದೆ. ಅಮೆರಿಕದ ಕಪ್ಪುವರ್ಣದ ಗಾಯಕಿ ರೂತ್ ಬ್ರೌನ್ ಕಥೆ ಓದಿದಾಗ ಮೊದಲು ನೆನಪಾದದ್ದು ಅದೇ.

ಈಕೆ ಹುಟ್ಟಿದ್ದು 1928ರಲ್ಲಿ, ವರ್ಜೀನಿಯಾದ ಪೋರ್ಟ್ಸ್‌ಮತ್‌ನಲ್ಲಿ. ಅಪ್ಪ ಬಂದರಿನ ಕೂಲಿ, ಚರ್ಚಿನಲ್ಲಿ ಹಾಡಿಸುವವನು. ದೇವರ ಹಾಡು ಬಿಟ್ಟರೆ ಉಳಿದದ್ದೆಲ್ಲ ಅವನಿಗೆ ಸೈತಾನನ ಹಾಡು. ರಜೆಯಲ್ಲಿ ಹುಡುಗಿ ನಾರ್ತ್ ಕೆರೊಲಿನಾದ ಅಜ್ಜಿಯ ಹೊಲಕ್ಕೆ ಹೋಗಿ ಹತ್ತಿ ಬಿಡಿಸೋಳು. (ಒಣಗಿದ ಕಾಯಿಯ ಚೂಪು ಉಗುರಸಂದಿಗೆ ಹೊಕ್ಕರೆ ಹೇಗಿರ್ತದೆ, ನಮ್ಮ ಹೆಣ್ಣುಮಕ್ಕಳನ್ನು ಕೇಳಿ.) 1945ರಲ್ಲಿ ತುತ್ತೂರಿ ಊದುವವನೊಬ್ಬನ ಜೊತೆ ಮನೆ ಬಿಟ್ಟು ಓಡಿದಳು.

1948ರಲ್ಲಿ ನ್ಯೂಯಾರ್ಕಿನ ಅಪೋಲೊ ಥಿಯೇಟರಿನಲ್ಲಿ ಹಾಡೋಕೆ ಹೊರಟಿದ್ದಾಗ ದಾರಿಯಲ್ಲೇ ಕಾರು ಅಪಘಾತ. ಕಾಲಿಗೆ ಪೆಟ್ಟು, ತಿಂಗಳುಗಟ್ಟಲೆ ಆಸ್ಪತ್ರೆ. 1949ರಲ್ಲಿ ಊರುಗೋಲಿನ ಮೇಲೆ ನಿಂತೇ ಅಟ್ಲಾಂಟಿಕ್ ಎಂಬ ಎಳೆಯ ಕಂಪನಿಗೆ ಹಾಡಿದಳು. 1950ರಲ್ಲಿ ಬಂದ 'ಟಿಯರ್‌ಡ್ರಾಪ್ಸ್ ಫ್ರಮ್ ಮೈ ಐಸ್' ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ 11 ವಾರ ಮೊದಲ ಸ್ಥಾನ ಬಿಡಲಿಲ್ಲ. ಈ ರಿದಮ್ ಅಂಡ್ ಬ್ಲೂಸ್‌ಗೆ ಚರ್ಚಿನ ಹಾಡು ಬೆರೆತು ಮುಂದೆ ಸೋಲ್ ಸಂಗೀತವಾಯಿತು. ಅಟ್ಲಾಂಟಿಕ್ ಕಂಪನಿಯನ್ನು ಜನ 'ರೂತ್ ಕಟ್ಟಿದ ಮನೆ' ಅನ್ನುತ್ತಿದ್ದರು.

ಮನೆ ಕಟ್ಟಿದವಳು 1961ರಲ್ಲಿ ಹೊರಗೆ ಬಂದಳು. ಆಮೇಲೆ ಮಕ್ಕಳನ್ನು ಸಾಕೋಕೆ ಬೇರೆಯವರ ಮನೆಗೆಲಸ, ಶಾಲೆಯ ಬಸ್ಸು ಓಡಿಸೋದು.

ದುಡ್ಡು ಎಲ್ಲಿ ಹೋಯಿತು? ಅಲ್ಲೂ ತಕ್‌ಪಟ್ಟಿಯೇ! ಹಾಡಿದ ದಿನ ಒಂದಿಷ್ಟು ಹಣ ಕೈಗೆ. ರೆಕಾರ್ಡು ಮಾಡಿದ ಖರ್ಚು, ವಾದ್ಯದವರ ಕೂಲಿ ಎಲ್ಲವೂ ಹಾಡುಗಾರ್ತಿಯ ರಾಯಲ್ಟಿ ಲೆಕ್ಕದಲ್ಲಿ ಕಳೆಯೋದು. ರೆಕಾರ್ಡು ಮಾರುತ್ತಲೇ ಇದ್ದರೂ ಪುಸ್ತಕದಲ್ಲಿ ಆಕೆ ಸಾಲಗಾರಳೇ.

ನಾನು ಚೀಟಿ ಮಡಚಿ ಟ್ರಂಕಿನಲ್ಲಿಟ್ಟೆ. ಆಕೆ ಇಡಲಿಲ್ಲ. 1980ರ ದಶಕದಲ್ಲಿ ಹೊವೆಲ್ ಬೆಗಲ್ ಎಂಬ ವಕೀಲರು, ಆಕೆಯ ಹಾಡಿನ ಅಭಿಮಾನಿ, ಜೊತೆಗೆ ನಿಂತರು. ಬಹಳ ಜಗ್ಗಾಟದ ಮೇಲೆ ಕಂಪನಿ ಆಕೆಯ ಹಾಗೂ ಆ ಕಾಲದ ಇತರ 35 ಕಲಾವಿದರ ಬಾಕಿ ಹೊಡೆದುಹಾಕಿ, ಹಿಂದಿನ 20 ವರ್ಷದ ರಾಯಲ್ಟಿ ಕೊಡಲು ಒಪ್ಪಿತು. ಹಳೆಯ ಕಲಾವಿದರ ನೆರವಿಗೆ 1988ರಲ್ಲಿ ರಿದಮ್ ಅಂಡ್ ಬ್ಲೂಸ್ ಫೌಂಡೇಶನ್ ಹುಟ್ಟಿದ್ದೂ ಇದರಿಂದಲೇ. 1989ರಲ್ಲಿ 'ಬ್ಲ್ಯಾಕ್ ಅಂಡ್ ಬ್ಲೂ' ನಾಟಕಕ್ಕೆ ಟೋನಿ ಪ್ರಶಸ್ತಿ. ಆಗ ವಯಸ್ಸು 61. ತೀರಿಕೊಂಡದ್ದು 2006ರ ನವೆಂಬರಿನಲ್ಲಿ.

ಈ ಸಲ ಹತ್ತಿ ಬಿಡಿಸುವಾಗ ಮಗ ಫೋನಿನಲ್ಲಿ ಆಕೆಯ ಹಾಡು ಹಾಕಿದ. ಮಾತು ಮುಗಿಯುವ ಕಡೆ ದನಿ ತಟಕ್ಕನೆ ಮೇಲಕ್ಕೆ ಹಾರಿ ಒಡೆಯುತ್ತದೆ. ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಒಬ್ಬಾಕೆ ಮಾತ್ರ ನಗದೆ, "ಇನ್ನೊಂದ್ಸಲ ಹಾಕಪ್ಪಾ" ಅಂದಳು.